ಟ್ರೇ ತೆಗೆಯದೆ ಕುಡಿದ ಬೆಲ್ಲದ ಕಾಫಿ

ಸೋಮವಾರಪೇಟೆ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವಳು. ಹಲ್ಲು ಸಾಲು ಮಾಡಿಸಿಕೊಳ್ಳಲು ಕ್ಲಿಯರ್ ಅಲೈನರ್ (ಹಲ್ಲಿನ ಮೇಲೆ ಕೂರುವ, ತೆಗೆದು ಹಾಕಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಟ್ರೇ) ಹಾಕಿಸಿಕೊಂಡಾಗ ದಿನಕ್ಕೆ 22 ಗಂಟೆ ಬಾಯಲ್ಲಿರಬೇಕು ಎಂದಿದ್ದೊಂದೇ ತಲೆಯಲ್ಲಿ ಕೂತಿತ್ತು. ಊಟಕ್ಕೆ ತೆಗೆಯುತ್ತಿದ್ದೆ, ಕಾಫಿಗೆ ತೆಗೆಯುತ್ತಿರಲಿಲ್ಲ. ಕೊಯ್ಲಿನ ದಿನಗಳಲ್ಲಿ ಕಣದಲ್ಲಿ, ಕೆಲಸದವರ ಲೈನ್ ಮನೆ ಮುಂದೆ, ಎಲ್ಲಿ ನಿಂತರೂ "ಅಕ್ಕಾ, ಒಂದ್ಲೋಟ ಕುಡೀರಿ" ಅಂತ ಬೆಲ್ಲದ ಕಾಫಿ ಕೈಗೆ ಬರುತ್ತೆ.

ನಾಲ್ಕನೇ ತಿಂಗಳು ಡಾಕ್ಟರ್ ಮೇಡಂ ಹಲ್ಲಿಗೆ ಗಾಳಿ ಊದಿ ಒಣಗಿಸಿ, ಕನ್ನಡಿ ಹಿಡಿದರು. ಮೇಲಿನ ಕೋರೆಹಲ್ಲಿನಲ್ಲಿ, ಒಸಡಿನ ಅಂಚಿಗೇ, ಉಗುರಿನ ತುದಿಯಷ್ಟು ಸೀಮೆಸುಣ್ಣದ ಬಿಳುಪು. ಎಂಜಲು ತಾಗಿದೊಡನೆ ಮಾಯ. ಅದಕ್ಕೇ ನನಗೆ ಮನೆಯಲ್ಲಿ ಕಂಡಿರಲಿಲ್ಲ. ಹುಳುಕು ಶುರುವಾಗುವ ಮೊದಲ ಗುರುತು ಅದು.

ಹಲ್ಲಿನ ಮೇಲಿನ ಹುಳಿಯನ್ನು ತೊಳೆದು, ಕಳೆದ ಕ್ಯಾಲ್ಸಿಯಂ ಮತ್ತೆ ತುಂಬುವುದು ಎಂಜಲು. ಟ್ರೇ ಇದ್ದರೆ ಅದು ಸರಿಯಾಗಿ ಒಳಗೆ ಹರಿಯುವುದಿಲ್ಲ. ಕಾಫಿ ಮಾತ್ರ ಅಂಚಿನಿಂದ ನುಸುಳಿ ಅಲ್ಲೇ ನಿಲ್ಲುತ್ತೆ. ಬ್ಯಾಕ್ಟೀರಿಯಾ ಆ ಬೆಲ್ಲವನ್ನು ಹುಳಿ ಮಾಡುತ್ತವೆ. ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತೆ) ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕರಗತೊಡಗುತ್ತೆ. ಅಂದರೆ ನಾನು ದಿನವಿಡೀ ಹಲ್ಲನ್ನು ಬೆಲ್ಲದ ನೀರಲ್ಲಿ ನೆನೆಹಾಕಿದ್ದೆ!

ಅವತ್ತಿನಿಂದ ಕಾಫಿಯನ್ನು ತಿಂಡಿ, ಊಟದ ಜೊತೆಗೇ ಮುಗಿಸುತ್ತೇನೆ. ನಡುವೆ ಬರೀ ನೀರು. ಮೊದಮೊದಲು ಬೇಡ ಅನ್ನೋಕೆ ಸಂಕಟವಾಗುತ್ತಿತ್ತು. ಈಗ ಲೈನ್ ಮನೆಯ ಅಜ್ಜಿಯೊಬ್ಬರು ನನ್ನನ್ನು ಕಂಡರೆ ತಾವೇ ಒಂದು ಚೊಂಬು ನೀರು ತಂದಿಡುತ್ತಾರೆ.

ಕಷ್ಟವಾದದ್ದು ಕಾಚಂಪುಳಿ, ನಮ್ಮ ಕೊಡಗಿನಲ್ಲಿ ಪಂದಿಕರಿಗೆ (ಹಂದಿಮಾಂಸದ ಅಡುಗೆ) ಹಾಕುವ ಕಪ್ಪು ಹುಳಿ. ಪಂದಿಕರಿ ತಿಂದು ತಕ್ಷಣ ಬ್ರಶ್ ಉಜ್ಜಿ ಟ್ರೇ ಹಾಕುವುದೇ ಶುದ್ಧ ಅಂದುಕೊಂಡಿದ್ದೆ. ಹುಳಿಗೆ ಮೆತ್ತಗಾದ ಎನಾಮೆಲ್ ಆಗಲೇ ಉಜ್ಜಿದರೆ ಸವೆಯುತ್ತದಂತೆ. ಈಗ ನೀರಲ್ಲಿ ಚೆನ್ನಾಗಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಮೆತ್ತನೆ ಬ್ರಶ್. ಕಿತ್ತಳೆಯನ್ನೂ ಊಟದ ಜೊತೆಗೇ ತಿನ್ನುತ್ತೇನೆ. ಈ ಅರ್ಧ ಗಂಟೆ ಎರಡು ಗಂಟೆಯ ಬಿಡುವಿನಿಂದಲೇ ಹೋಗಬೇಕಲ್ಲ, ಹಾಗಾಗಿ ಪಂದಿಕರಿ ದಿನ ಸಂಜೆಯ ತಿಂಡಿ ಇಲ್ಲ.

ರಾತ್ರಿ ಫ್ಲೋರೈಡ್ ಪೇಸ್ಟ್‌ನಲ್ಲಿ ಉಜ್ಜಿ, ನೊರೆ ಉಗಿದು, ಬಾಯಿ ಮುಕ್ಕಳಿಸದೆ ಟ್ರೇ ಹಾಕುತ್ತೇನೆ. ನಿದ್ದೆಯಲ್ಲಿ ಎಂಜಲು ಕಡಿಮೆ, ಆಗ ಫ್ಲೋರೈಡ್ ಹಲ್ಲಿನ ಮೇಲೇ ಉಳಿಯಲಿ ಅಂತ. ಟ್ರೇ ತೊಳೆಯಲು ತಣ್ಣೀರೇ. ಹಂಡೆಯ ಬಿಸಿನೀರು ತಾಗಿದರೆ ಸೊಟ್ಟಗಾಗುತ್ತೆ.

ಮೇಡಂ ಫ್ಲೋರೈಡ್ ವಾರ್ನಿಶ್ ಕೂಡ ಹಚ್ಚಿದ್ದರು. ಮೊನ್ನೆ ಮತ್ತೆ ಗಾಳಿ ಊದಿ ನೋಡಿದರು. ಬಿಳುಪು ಪೂರ್ತಿ ಹೋಗಿಲ್ಲ, ಆದರೆ ಹರಡಿಲ್ಲ. ಮಂಕಾಗಿದ್ದ ಜಾಗಕ್ಕೆ ಹೊಳಪು ಬಂದಿದೆ, ನಾಲಿಗೆಗೆ ನುಣ್ಣಗೆ ಸಿಗುತ್ತೆ.