ಕೆಲಸ ಹೋದಾಗ ಇಎಸ್‌ಐನಿಂದ ನಿರುದ್ಯೋಗ ಪರಿಹಾರ ಪಡೆಯುವ ಬಗೆ

ಬೈಕಂಪಾಡಿಯ ಕಾರ್ಖಾನೆಯಲ್ಲೋ ಮಣಿಪಾಲದ ಮುದ್ರಣಾಲಯದಲ್ಲೋ ದುಡಿಯುತ್ತಿದ್ದವರಿಗೆ ‘ನಾಳೆಯಿಂದ ಬರಬೇಡಿ’ ಎಂಬ ಮಾತು ಬಿದ್ದಾಗ, ತಿಂಗಳು ತಿಂಗಳು ಸಂಬಳದಿಂದ ಕಡಿತವಾಗುತ್ತಿದ್ದ ಇಎಸ್‌ಐ (ನೌಕರರ ರಾಜ್ಯ ವಿಮೆ) ಹಣ ಆಸ್ಪತ್ರೆಯ ಖರ್ಚಿಗಷ್ಟೇ ಅಲ್ಲ, ಈ ಸಂಕಟಕ್ಕೂ ಒದಗುತ್ತದೆ ಎಂಬುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. 2018ರ ಜುಲೈ 1ರಂದು ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಡಿ ಸರಾಸರಿ ದಿನಗೂಲಿಯ ಅರ್ಧದಷ್ಟು ಹಣ ಗರಿಷ್ಠ 90 ದಿನಗಳವರೆಗೆ, ಜೀವಮಾನದಲ್ಲಿ ಒಮ್ಮೆ ಸಿಗುತ್ತದೆ. ಇದರ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿರುವುದರಿಂದ, ಇಎಸ್‌ಐ ನಿಗಮದ ಉಚಿತ ಸಹಾಯವಾಣಿ 1800-11-2526ಕ್ಕೆ ಕರೆ ಮಾಡಿ ಈಗಿನ ಸ್ಥಿತಿಯನ್ನು ಮೊದಲು ತಿಳಿದುಕೊಳ್ಳಿ.

ಕೆಲಸ ಹೋಗುವ ಮೊದಲು ಕನಿಷ್ಠ ಎರಡು ವರ್ಷ ನೀವು ವಿಮೆಯ ವ್ಯಾಪ್ತಿಯಲ್ಲಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ವರ್ಷಕ್ಕೆ ಎರಡು ವಂತಿಗೆ ಅವಧಿಗಳಿದ್ದು, ಕೆಲಸ ಹೋಗುವುದಕ್ಕೆ ಮುಂಚಿನ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಮತ್ತು ಅದರ ಹಿಂದಿನ ಮೂರರ ಪೈಕಿ ಒಂದರಲ್ಲಾದರೂ ಅಷ್ಟೇ ದಿನಗಳ ವಂತಿಗೆ ಜಮೆಯಾಗಿರಬೇಕು. ನಿವೃತ್ತಿ, ಸ್ವಯಂ ನಿವೃತ್ತಿ, ದುರ್ನಡತೆಯ ಶಿಕ್ಷೆಯಾಗಿ ವಜಾ ಆದವರಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ಕಂಪೆನಿಯೇ ತೆಗೆದುಹಾಕುತ್ತಿರುವಾಗ, ‘ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ’ ಎಂದು ಟೈಪು ಮಾಡಿಟ್ಟ ಕಾಗದಕ್ಕೆ ದಯವಿಟ್ಟು ಸಹಿ ಹಾಕಬೇಡಿ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ದಾಖಲೆಯ ಪರಿಶೀಲನೆ. ನಮ್ಮ ನೆರೆಮನೆಯ ಹೆಂಗಸೊಬ್ಬರ ಜೊತೆ ಕೂತು ಇಎಸ್‌ಐ ಪೋರ್ಟಲ್‌ನಲ್ಲಿ ಅವರ ಹತ್ತಂಕಿಯ ವಿಮಾ ಸಂಖ್ಯೆಯಿಂದ ವಂತಿಗೆಯ ಪಟ್ಟಿ ತೆರೆದಾಗ, ಒಂದು ತಿಂಗಳು ಪೂರ್ತಿ ದುಡಿದಿದ್ದರೂ ಅಲ್ಲಿ ಕಂಡದ್ದು ಒಂಬತ್ತೇ ದಿನ. ಆ ತಿಂಗಳ ಸಂಬಳ ಚೀಟಿ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಮಡಚಿಟ್ಟಿತ್ತು. ಅದನ್ನು ತೋರಿಸಿ ತಿದ್ದಿಸಿಕೊಂಡರು. ನೀವೂ ಸಂಬಳ ಚೀಟಿಗಳನ್ನು ಎಸೆಯಬೇಡಿ.

ಕೈಗೆ ಬರುವ ಮೊತ್ತದ ಬಗ್ಗೆ ಬಹಳ ಗೊಂದಲವಿದೆ. ನಾಲ್ಕು ವಂತಿಗೆ ಅವಧಿಗಳ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸಿದರೆ ಸರಾಸರಿ ದಿನಗೂಲಿ ಬರುತ್ತದೆ. ತಿಂಗಳ ಸಂಬಳವನ್ನು 26ರಿಂದ ಭಾಗಿಸಿ ದೊಡ್ಡ ಮೊತ್ತ ನಿರೀಕ್ಷಿಸಬೇಡಿ. ತಿಂಗಳಿಗೆ 18,000 ರೂಪಾಯಿ ಪಡೆದವರ ಎರಡು ವರ್ಷದ ಗಳಿಕೆ 4,32,000, ದಿನಕ್ಕೆ ಸುಮಾರು 592, ಅದರ ಅರ್ಧ 296. 90 ದಿನಕ್ಕೆ ಸುಮಾರು 26,600 ರೂಪಾಯಿ.

ಕೆಲಸ ಹೋಗಿ 30 ದಿನ ಕಳೆದ ಮೇಲೆ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು, ಮಾಲೀಕರ ಮೂಲಕ ಕಳುಹಿಸಬೇಕಾದ ಅಗತ್ಯವಿಲ್ಲ. ಆಧಾರ್ ಪ್ರತಿ ಮತ್ತು ಬ್ಯಾಂಕ್ ವಿವರ ಅಪ್‌ಲೋಡ್ ಮಾಡಲಾಗದಿದ್ದರೆ, ಅರ್ಜಿಯನ್ನು ಮುದ್ರಿಸಿ ಸಹಿ ಹಾಕಿ, ಅವುಗಳ ಜೊತೆ ನಿಮ್ಮ ಶಾಖಾ ಕಚೇರಿಗೆ ಕೊಡಿ. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು: 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್‌ನಲ್ಲಿ ವಿಲೀನವಾಗಿವೆ. ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಕೋಡ್ ನೋಡಿ ಬರೆದರೆ ಹಣ ಬಾರದು. ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಜೀವ ತೇಯ್ದು ಗಳಿಸಿದ ಹಕ್ಕು ಒಂದು ಅಕ್ಷರದಿಂದ ತಡೆಯಾಗುವುದು ನನಗೆ ಸಹಿಸಲಾಗದು.

90 ದಿನ ತುಂಬುವ ಮೊದಲೇ ಬೇರೆ ಕೆಲಸ ಸಿಕ್ಕಿದರೆ, ಅಲ್ಲಿಯವರೆಗಿನ ದಿನಗಳ ಪರಿಹಾರಕ್ಕೆ ಅಡ್ಡಿಯಿಲ್ಲ. ಪರಿಹಾರ ಪಡೆಯುವ ಅವಧಿಯಲ್ಲಿ ವೈದ್ಯಕೀಯ ಸೌಲಭ್ಯವೂ ಇರುವುದರಿಂದ, ಮಂಗಳೂರಿನವರು ಶಿವಬಾಗ್‌ನ ಇಎಸ್‌ಐ ಆಸ್ಪತ್ರೆಯ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಕಾಗಿಲ್ಲ.