ಡಬ್ಬಿ ಕೆಟ್ಟರೆ ಯಾರಿಗೆ ತೋರಿಸುವುದು? ನನ್ನ ಎಸ್ಟೀಮ್‌ಗೆ ಇಸಿಯು ಆರಿಸಿದ ಅನುಭವ

ನಮ್ಮ ಮನೆಯ ಮಾರುತಿ ಎಸ್ಟೀಮ್ ಹಳೆಯ ಕಾರ್ಬುರೇಟರ್ ಗಾಡಿ. ನಾನು ಸ್ಟೇರಿಂಗ್ ಹಿಡಿಯಲು ಕಲಿತದ್ದು ಅದರಲ್ಲೇ, ನಮ್ಮೂರು ಕಲಬುರಗಿಯ ಸೇಡಂ ರಸ್ತೆಯಲ್ಲಿ, ಅಪ್ಪ ಪಕ್ಕದಲ್ಲಿ ಕೂತಿದ್ದರು. ಎಂಜಿನ್ ಆಯಿಲ್ ಕುಡಿಯಲು ಶುರು ಮಾಡಿದಾಗಲೂ ಮಾರಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಗುಜರಿಗೆ ಹೊರಟಿದ್ದ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಎಸ್ಟೀಮ್‌ನ 16 ವಾಲ್ವ್ ಎಂಜಿನ್ ಸಿಕ್ಕಿತು. ಅದೂ 1298 ಸಿಸಿಯೇ. ಆದರೆ ಪೆಟ್ರೋಲ್ ಚಿಮ್ಮಿಸಲು ಸಿಲಿಂಡರಿಗೊಂದು ಇಂಜೆಕ್ಟರ್, ಕಿಡಿ ಕೊಡಲು ಡಿಸ್ಟ್ರಿಬ್ಯೂಟರ್ ಬದಲು ಎರಡು ಕಾಯಿಲ್. ಎಂಜಿನ್ ಗಟ್ಟಿಯಾಗಿತ್ತು. ವೈರಿಂಗ್ ಮಾತ್ರ ಇಲಿ ಕಡಿದಿತ್ತು. ಇಸಿಯು, ಅಂದರೆ ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂದು ನಿರ್ಧರಿಸುವ ಕಂಪ್ಯೂಟರ್ ಡಬ್ಬಿ, ಅದರೊಳಗೆ ನೀರು ಹೋಗಿ ಬೋರ್ಡ್ ಹಸಿರುಗಟ್ಟಿತ್ತು.

ಹೀಗಾಗಿ ಹೊರಗಿನ ಇಸಿಯು ಹುಡುಕಬೇಕಾಯಿತು. ಮೊದಲ ಎರಡು ತಿಂಗಳು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಹಾಲ್‌ಟೆಕ್, ಲಿಂಕ್, ಮೆಗಾಸ್ಕ್ವರ್ಟ್, ಸ್ಪೀಡುಯಿನೊ, ರುಸ್‌ಇಎಫ್‌ಐ ಎಂದು ಓದುತ್ತಾ ಕೂತೆ. ಯಾವುದರಲ್ಲಿ ಏನೇನಿದೆ ಎಂದು ನೋಟ್‌ಬುಕ್ ತುಂಬಾ ಬರೆದೆ. ಲಾಂಚ್ ಕಂಟ್ರೋಲ್, ಬೂಸ್ಟ್ ಕಂಟ್ರೋಲ್, ಫ್ಲೆಕ್ಸ್ ಫ್ಯೂಯೆಲ್. ನನ್ನ ಗಾಡಿಯಲ್ಲಿ ಟರ್ಬೊನೇ ಇಲ್ಲ, ಬೂಸ್ಟ್ ಕಂಟ್ರೋಲ್ ತಗೊಂಡು ಏನು ಮಾಡಲಿ?

ಕಣ್ಣು ತೆರೆಸಿದ್ದು ನಮ್ಮ ಗ್ಯಾರೇಜಿನ ಮೇಸ್ತ್ರಿ. "ಕಾರ್ಬುರೇಟರ್ ಇದ್ರ ಎಲ್ಲಿ ನಿಂತ್ರೂ ನಾ ಬಿಚ್ಚಿ ಸರಿ ಮಾಡ್ತೀನ್ರಿ. ಈ ಡಬ್ಬಿ ಕೆಟ್ರ ಯಾರಿಗಿ ತೋರಸ್ತೀರಿ?" ಎಂದರು. ಅದು ನಿಜವಾದ ಪ್ರಶ್ನೆ. ಬೆಂಗಳೂರಾದರೆ ಟ್ಯೂನಿಂಗ್ ಮಾಡುವವರು ಸಿಗುತ್ತಾರೆ. ಹುಮನಾಬಾದ್ ರಸ್ತೆಯಲ್ಲಿ ರಾತ್ರಿ ಗಾಡಿ ನಿಂತರೆ ನಾನು ಮತ್ತು ನನ್ನ ಲ್ಯಾಪ್‌ಟಾಪ್, ಅಷ್ಟೇ. ಅವತ್ತಿನಿಂದ ಹುಡುಕಾಟದ ದಿಕ್ಕೇ ಬದಲಾಯಿತು. ಎಂಜಿನ್ನಿಗೆ ಏನು ಬೇಕು ಅನ್ನುವುದನ್ನು ಮೊದಲು ಬರೆದುಕೊಂಡೆ. ಡಬ್ಬಿಯ ಮಾತು ಆಮೇಲೆ.

ಮಲ್ಟಿಮೀಟರ್ ಹಿಡಿದು ಇಂಜೆಕ್ಟರ್ ಅಳೆದೆ. 13 ಓಮ್ ಚಿಲ್ಲರೆ ಬಂತು. ಅಂದರೆ ಹೈ ಇಂಪಿಡೆನ್ಸ್ (ಹೆಚ್ಚು ಪ್ರತಿರೋಧ), ಯಾವ ಇಸಿಯು ಆದರೂ ನೇರವಾಗಿ ನಡೆಸುತ್ತದೆ. 2–3 ಓಮ್ ಬಂದಿದ್ದರೆ ಬೇರೆ ಡ್ರೈವರ್ ಅಥವಾ ರೆಸಿಸ್ಟರ್ ಹಾಕಬೇಕಾಗುತ್ತಿತ್ತು. ಕಾಯಿಲ್ ಎರಡೇ. ಒಂದೊಂದು ಕಾಯಿಲ್ ಎರಡು ಸಿಲಿಂಡರಿಗೆ ಒಟ್ಟಿಗೆ ಕಿಡಿ ಕೊಡುತ್ತದೆ, ಅದೇ ವೇಸ್ಟೆಡ್ ಸ್ಪಾರ್ಕ್. ಆದ್ದರಿಂದ ಇಗ್ನಿಷನ್‌ಗೆ ಎರಡು ಔಟ್‌ಪುಟ್ ಸಾಕು.

ಉಳಿದದ್ದು ಟ್ರಿಗರ್, ಅಂದರೆ ಎಂಜಿನ್ ಎಷ್ಟು ತಿರುಗಿದೆ ಎಂದು ಇಸಿಯುಗೆ ಹೇಳುವ ಸಿಗ್ನಲ್. ನನ್ನ ಪ್ರಕಾರ ಇಸಿಯು ಆಯ್ಕೆಯ ಮುಕ್ಕಾಲು ಪಾಲು ಇಲ್ಲೇ ಇದೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಈಗ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಎಷ್ಟು ದುಬಾರಿ ಡಬ್ಬಿಯೂ ಕುರುಡು. ಕಪನೂರ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ 36–1 ಚಕ್ರ ಕತ್ತರಿಸಿಸಿ ಕ್ರ್ಯಾಂಕ್ ಪುಲ್ಲಿಗೆ ಕೂರಿಸಿದೆ. 36 ಹಲ್ಲಿನ ಜಾಗದಲ್ಲಿ 35 ಹಲ್ಲು, ಒಂದು ಖಾಲಿ. ಹಲ್ಲಿನಿಂದ ಹಲ್ಲಿಗೆ 10 ಡಿಗ್ರಿ. ಆ ಖಾಲಿ ಜಾಗವೇ ಇಸಿಯುಗೆ ಗುರುತು. ಹಲ್ಲುಗಳನ್ನು ಗುರುತಿಸುವ ಸೆನ್ಸರ್‌ಗಳಲ್ಲಿ ಎರಡು ಬಗೆ, ವಿಆರ್ ಮತ್ತು ಹಾಲ್. ನಾನು ವಿಆರ್ ಬಿಟ್ಟು ಹಾಲ್ ತಗೊಂಡೆ. ವಿಆರ್ ಸೆನ್ಸರ್ ತಾನೇ ಕರೆಂಟ್ ಹುಟ್ಟಿಸುತ್ತದೆ, ಆದರೆ ಎಂಜಿನ್ ನಿಧಾನ ತಿರುಗುವಾಗ ಸಿಗ್ನಲ್ ತುಂಬಾ ಸಣ್ಣದು. ಎರಡು ವೈರ್ ಅದಲುಬದಲಾದರೆ ಆರ್‌ಪಿಎಂ ಏರಿದ ಹಾಗೆ ಕಿಡಿಯ ಟೈಮಿಂಗ್ ಜಾರುತ್ತದೆ. ಹಾಲ್ ಸೆನ್ಸರ್ ಕೊಡುವ ಸಿಗ್ನಲ್ ಚೌಕ, ಸ್ಪಷ್ಟ.

ಕೊನೆಗೆ ಕಣದಲ್ಲಿ ಉಳಿದದ್ದು ಎರಡು. ಒಂದು ಮೈಕ್ರೋಸ್ಕ್ವರ್ಟ್, ಮೆಗಾಸ್ಕ್ವರ್ಟ್ ಬಳಗದ ಚಿಕ್ಕ ಡಬ್ಬಿ. ಎರಡು ಇಂಜೆಕ್ಟರ್ ಔಟ್‌ಪುಟ್ (ಒಂದೊಂದಕ್ಕೆ ಎರಡೆರಡು ಇಂಜೆಕ್ಟರ್ ಜೋಡಿಸಬಹುದು), ಎರಡು ಸ್ಪಾರ್ಕ್ ಔಟ್‌ಪುಟ್. ನನ್ನ ಎಂಜಿನ್ನಿಗೆ ಅಳೆದು ಹೊಲಿಸಿದ ಹಾಗೆ. ಡಬ್ಬಿಯೂ ಸೀಲ್ ಆಗಿದೆ, ಧೂಳು ನೀರಿನ ಚಿಂತೆ ಕಡಿಮೆ. ಇನ್ನೊಂದು ಸ್ಪೀಡುಯಿನೊ. ಓಪನ್ ಸೋರ್ಸ್ (ವಿನ್ಯಾಸ ಎಲ್ಲರಿಗೂ ಮುಕ್ತ), ಆರ್ಡುಯಿನೊ ಮೆಗಾ ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್ ಮೇಲೆ ನಡೆಯುತ್ತದೆ, ನಾಲ್ಕು ಇಂಜೆಕ್ಟರ್ ಮತ್ತು ನಾಲ್ಕು ಇಗ್ನಿಷನ್ ಚಾನೆಲ್. ಲ್ಯಾಪ್‌ಟಾಪಿನಿಂದ ಸೆಟ್ಟಿಂಗ್ ಬದಲಿಸಲು ಎರಡಕ್ಕೂ ಟ್ಯೂನರ್‌ಸ್ಟುಡಿಯೊ ಸಾಫ್ಟ್‌ವೇರ್ ನಡೆಯುತ್ತದೆ. ಗಟ್ಟಿತನ ಒಂದೇ ನೋಡಿದರೆ ಮೈಕ್ರೋಸ್ಕ್ವರ್ಟ್ ಮೇಲು, ಇದನ್ನು ಒಪ್ಪಲೇಬೇಕು. ಆದರೆ ಮೇಸ್ತ್ರಿಯ ಪ್ರಶ್ನೆಗೆ ಉತ್ತರ ಇದ್ದದ್ದು ಸ್ಪೀಡುಯಿನೊದಲ್ಲಿ. ಸೀಲ್ ಆದ ಡಬ್ಬಿಯನ್ನು ನಾನು ಬಿಚ್ಚುವ ಹಾಗಿಲ್ಲ. ಆರ್ಡುಯಿನೊ ಮೆಗಾ ಇಂಜಿನಿಯರಿಂಗ್ ಓದುವ ಹುಡುಗರ ಬ್ಯಾಗಿನಲ್ಲೂ ಇರುತ್ತದೆ. ಅದೇ ಟ್ಯೂನ್ (ಎಂಜಿನ್ ಸೆಟ್ಟಿಂಗ್‌ಗಳ ಫೈಲ್) ತುಂಬಿದ ಇನ್ನೊಂದು ಬೋರ್ಡ್ ಈಗ ನನ್ನ ಡ್ಯಾಶ್‌ಬೋರ್ಡ್ ಖಾನೆಯಲ್ಲಿದೆ. ಬದಲಿಸಲು ಹತ್ತು ನಿಮಿಷ ಸಾಕು. ಡಬ್ಬಿಯನ್ನು ಎಂಜಿನ್ ಪಕ್ಕ ಇಡಲಿಲ್ಲ. ಬೋರ್ಡಿನ ಚಿಪ್ ತಡೆಯುವ ಬಿಸಿಗೆ 85 ಡಿಗ್ರಿ ಮಿತಿ. ಒಳಗೆ, ಆ ಖಾನೆಯ ಹಿಂದೆ, ಬಿಸಿಲು ಬೀಳದ ಕಡೆ ಕೂರಿಸಿದೆ.

ಒಂದು ಕಾಯಿಲ್ ಕಳೆದುಕೊಂಡೆ, ಅದನ್ನೂ ಹೇಳಬೇಕು. ಸ್ಪಾರ್ಕ್ ಔಟ್‌ಪುಟ್ 'ಗೋಯಿಂಗ್ ಲೋ' (ಸಿಗ್ನಲ್ ಇಳಿದಾಗ ಕಿಡಿ) ಎಂದು ಇಡುವ ಬದಲು 'ಗೋಯಿಂಗ್ ಹೈ' ಎಂದು ಇಟ್ಟಿದ್ದೆ. ಕಿಡಿ ಹಾರುವ ಮೊದಲು ಕಾಯಿಲ್‌ಗೆ ಸುಮಾರು 3 ಮಿಲಿಸೆಕೆಂಡ್ ಕರೆಂಟ್ ಸಾಕು. ನನ್ನ ತಪ್ಪಿನಿಂದ ಕೀ ಆನ್ ಇದ್ದಷ್ಟು ಹೊತ್ತೂ ಕರೆಂಟ್ ಹರಿಯಿತು. ವಾಸನೆ ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಕಾಯಿಲ್ ಕನೆಕ್ಟರ್ ಬಿಚ್ಚಿಟ್ಟು, ಮೊದಲು ಒಂದು ಎಲ್‌ಇಡಿ ಹಚ್ಚಿ ನೋಡಿ. ಸೆಟ್ಟಿಂಗ್ ಸರಿ ಎಂದು ಖಾತ್ರಿಯಾದ ಮೇಲೆಯೇ ಕಾಯಿಲ್ ಜೋಡಿಸಿ. ಆಮೇಲೆ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯ ಗುರುತಿಗೆ ತಾಳೆ ನೋಡಿ. ಲ್ಯಾಪ್‌ಟಾಪ್ ತೋರಿಸಿದ 10 ನನ್ನ ಪುಲ್ಲಿಯ ಮೇಲೆ 16 ಆಗಿತ್ತು.

ಇಸಿಯುಗಿಂತ ಮೊದಲು ನಾನು ದುಡ್ಡು ಹಾಕಿದ್ದು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್‌ಗೆ, ಬಾಷ್‌ನ ಎಲ್‌ಎಸ್‌ಯು 4.9. ಅದಿಲ್ಲದೆ ಟ್ಯೂನ್ ಮಾಡುವುದು ಕಣ್ಣು ಕಟ್ಟಿಕೊಂಡು ನಮ್ಮೂರಿನ ಗಿಜಿಗುಡುವ ಸೂಪರ್ ಮಾರ್ಕೆಟ್ ಪೇಟೆ ದಾಟಿದ ಹಾಗೆ. ತೂಕದಲ್ಲಿ ಒಂದು ಭಾಗ ಬರೀ ಪೆಟ್ರೋಲ್‌ಗೆ 14.7 ಭಾಗ ಗಾಳಿ ಬೇಕು, ಈಗಿನ ಇ20ಗೆ (ಶೇ 20 ಎಥೆನಾಲ್ ಬೆರೆತ ಪೆಟ್ರೋಲ್) ಸುಮಾರು 13.5 ಸಾಕು. ಆದ್ದರಿಂದ ಎಎಫ್‌ಆರ್ (ಗಾಳಿ–ಪೆಟ್ರೋಲ್ ಅನುಪಾತ) ಅಂಕಿ ಬಿಟ್ಟು, ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು ಎಂದು ಹೇಳುವ ಲ್ಯಾಂಬ್ಡಾ ನೋಡಿಯೇ ಟ್ಯೂನ್ ಮಾಡಿದೆ. ಲ್ಯಾಂಬ್ಡಾ 1 ಅಂದರೆ ಯಾವ ಪೆಟ್ರೋಲ್ ಇದ್ದರೂ 1.

ಬಿಸಿಲು ಕಲಿಸಿದ ಪಾಠ ಬೇರೆಯೇ. ಡಿಸೆಂಬರ್ ಬೆಳಗಿನ 15 ಡಿಗ್ರಿಗೆ ಹೋಲಿಸಿದರೆ ಮೇ ಮಧ್ಯಾಹ್ನದ 43 ಡಿಗ್ರಿಯಲ್ಲಿ ಗಾಳಿ ಸುಮಾರು ಶೇ 9ರಷ್ಟು ತೆಳು. ಇಸಿಯು ಅದಕ್ಕೆ ತಕ್ಕಂತೆ ಪೆಟ್ರೋಲ್ ಕಡಿಮೆ ಮಾಡುತ್ತದೆ, ಅದು ಸರಿ. ಆದರೆ ನಾನು ಗಾಳಿಯ ಬಿಸಿ ಅಳೆಯುವ ಸೆನ್ಸರನ್ನು ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಲೋಹದ ಕೊಳವೆ) ಮೇಲೆ ಹಾಕಿದ್ದೆ. ಒಂದು ಮಧ್ಯಾಹ್ನ ಶರಣಬಸವೇಶ್ವರ ಗುಡಿಯ ಹತ್ತಿರ ಅರ್ಧ ಗಂಟೆ ನಿಲ್ಲಿಸಿ ಬಂದು ಸ್ಟಾರ್ಟ್ ಮಾಡಿದರೆ ಗಾಡಿ ಹಿಡಿಯದೆ ಸಾಯುತ್ತಿತ್ತು. ಸೆನ್ಸರ್ ಅಂಕಿಗಳ ದಾಖಲೆ (ಲಾಗ್) ತೆಗೆದು ನೋಡಿದೆ. ಗಾಳಿ 71 ಡಿಗ್ರಿ ಎಂದು ತೋರಿಸುತ್ತಿತ್ತು. ಅದು ಗಾಳಿಯ ಬಿಸಿ ಅಲ್ಲವೇ ಅಲ್ಲ, ಕಾದ ಲೋಹದ ಬಿಸಿ. ಇಸಿಯು ಅದನ್ನು ನಂಬಿ ಪೆಟ್ರೋಲ್ ಕತ್ತರಿಸುತ್ತಿತ್ತು. ಸೆನ್ಸರನ್ನು ಥ್ರಾಟಲ್‌ಗಿಂತ ಮುಂಚಿನ ರಬ್ಬರ್ ಪೈಪಿಗೆ ಸರಿಸಿದೆ. 55 ಡಿಗ್ರಿ ದಾಟಿದ ಮೇಲೆ ಕಡಿತವನ್ನು ಇನ್ನಷ್ಟು ಹೆಚ್ಚದ ಹಾಗೆ ತಡೆದೆ. ಈ ಒಂದು ಕೆಲಸಕ್ಕೆ ಮೂರು ಭಾನುವಾರ ಹಿಡಿಯಿತು. ಬೇರೆ ಊರಿನವರ ಟ್ಯೂನ್ ಫೈಲ್ ತಂದು ಸುಮ್ನೆ ಹಾಕಿಕೊಂಡಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ.

ಎಂಜಿನ್ ಬದಲಿಸಿದ್ದನ್ನು ಆರ್‌ಸಿಯಲ್ಲಿ ಬರೆಸಿದ್ದೇನೆ, ಅದನ್ನು ಮರೆಯಬೇಡಿ. ಗಾಡಿ ಈಗ ಬೀದರ್‌ಗೆ ಹೋಗಿ ಬರುತ್ತದೆ, ಒಂದು ಕಡೆಗೆ ಸುಮಾರು 110 ಕಿಲೋಮೀಟರ್, ಎಲ್ಲೂ ಕೆಮ್ಮುವುದಿಲ್ಲ. ಎಸಿ ಹಾಕಿದಾಗ ಮಾತ್ರ ಐಡಲ್ (ಆಕ್ಸಲರೇಟರ್ ಒತ್ತದಾಗಿನ ಎಂಜಿನ್ ವೇಗ) 600 ಆರ್‌ಪಿಎಂಗೆ ಇಳಿಯುತ್ತದೆ. ಎಸಿ ಸ್ವಿಚ್ಚಿನ ವೈರ್ ಇನ್ನೂ ಇಸಿಯುಗೆ ಕೊಟ್ಟಿಲ್ಲ. ಬರುವ ಭಾನುವಾರ ಅದೇ ಕೆಲಸ.