ಒಂದೇ ವಿಳಾಸದ ನಾಲ್ಕು ಸೆನ್ಸರ್‌ಗಳನ್ನು ಓದುವುದು ಹೇಗೆ?

ತಾಪಮಾನ, ಆರ್ದ್ರತೆ ಅಳೆಯುವ ಎಎಚ್‌ಟಿ20 ಸೆನ್ಸರ್‌ನ ಐ2ಸಿ (ಎರಡೇ ತಂತಿಗಳ ಬಸ್‌ನಲ್ಲಿ ಹಲವು ಚಿಪ್‌ಗಳನ್ನು ಮಾತಾಡಿಸುವ ವಿಧಾನ) ವಿಳಾಸ ಹೆಕ್ಸ್ 38, ಅಂದರೆ ಹದಿನಾರರ ಆಧಾರದ ಸಂಖ್ಯೆ. ಅದನ್ನು ಬದಲಿಸಲು ಬರುವುದಿಲ್ಲ. ಇಂಥ ನಾಲ್ಕನ್ನು ಒಂದೇ ಮೈಕ್ರೋಕಂಟ್ರೋಲರ್‌ಗೆ ಜೋಡಿಸಬೇಕಾದರೆ ನಡುವೆ ಟಿಸಿಎ9548ಎ ಎಂಬ ಎಂಟು ಚಾನೆಲ್‌ಗಳ ಸ್ವಿಚ್ ಹಾಕಿ.

ವಿದ್ಯುತ್, ಗ್ರೌಂಡ್, ಎಸ್‌ಡಿಎ (ಮಾಹಿತಿಯ ತಂತಿ), ಎಸ್‌ಸಿಎಲ್ (ಗಡಿಯಾರದ ತಂತಿ) ಜೋಡಿಸುವುದು ಸುಲಭ. ಎ0, ಎ1, ಎ2 ಪಿನ್‌ಗಳನ್ನು ಗ್ರೌಂಡ್‌ಗೆ ಸೇರಿಸಿದರೆ ಚಿಪ್‌ನ ವಿಳಾಸ ಹೆಕ್ಸ್ 70 ಆಗುತ್ತದೆ. ಅವುಗಳನ್ನು ಗಾಳಿಯಲ್ಲಿ ಬಿಡಲೇಬೇಡಿ. ಪ್ರತಿ ಚಾನೆಲ್‌ನ ಎರಡೂ ತಂತಿಗಳಿಗೆ 4.7 ಕಿಲೋಓಮ್ ಪುಲ್‌ಅಪ್ (ತಂತಿಯನ್ನು ವಿದ್ಯುತ್ ಕಡೆಗೆ ಎಳೆದಿಡುವ ರೆಸಿಸ್ಟರ್) ಬೇಕು. ಮುಖ್ಯ ಬಸ್‌ನಲ್ಲಿರುವುದೇ ಸಾಕೆಂದು ಬಿಡುವವರ ಚಾನೆಲ್‌ಗಳು ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತವೆ. ಸೆನ್ಸರ್ ಮಾಡ್ಯೂಲ್ ಮೇಲೆ ಮೊದಲೇ ಇದ್ದರೆ ಮತ್ತೆ ಹಾಕಬೇಡಿ.

ವಿದ್ಯುತ್ ಕೊಟ್ಟಾಗ ಎಲ್ಲ ಚಾನೆಲ್‌ಗಳೂ ಮುಚ್ಚಿರುತ್ತವೆ. ಬಸ್‌ನಲ್ಲಿ ಯಾವ ವಿಳಾಸಗಳು ಉತ್ತರಿಸುತ್ತವೆ ಎಂದು ಸ್ಕ್ಯಾನ್ ಮಾಡಿದಾಗ 70 ಮಾತ್ರ ಕಂಡರೆ ಚಿಪ್ ಸರಿಯಾಗಿದೆ ಎಂದೇ ಅರ್ಥ, ಕೆಟ್ಟಿದೆಯೆಂದು ಎಸೆಯಬೇಡಿ.

ಈಗ ಹೆಚ್ಚಿನವರು ಎಡವುವ ಜಾಗ. ಚಾನೆಲ್ ತೆರೆಯಲು ಚಿಪ್‌ಗೆ ಒಂದು ಬೈಟ್ ಬರೆಯಬೇಕು. ಆ ಬೈಟ್ ಚಾನೆಲ್‌ನ ಸಂಖ್ಯೆಯಲ್ಲ. ಅದರ ಒಂದೊಂದು ಬಿಟ್ ಒಂದೊಂದು ಚಾನೆಲ್‌ನ ಬಾಗಿಲು. 0, 1, 2, 3ನೇ ಚಾನೆಲ್‌ಗಳಿಗೆ ಕ್ರಮವಾಗಿ 1, 2, 4, 8 ಬರೆಯಬೇಕು. ಇದನ್ನು ಮರೆತು 0, 1, 2, 3 ಎಂದೇ ಬರೆದರೆ ಏನಾಗುತ್ತದೆ ನೋಡಿ: 0 ಬರೆದಾಗ ಎಲ್ಲವೂ ಮುಚ್ಚುತ್ತವೆ, 1ಕ್ಕೆ 0ನೇ ಚಾನೆಲ್, 2ಕ್ಕೆ 1ನೇ ಚಾನೆಲ್ ತೆರೆಯುತ್ತದೆ, 3ಕ್ಕೆ ಅವೆರಡೂ ಒಟ್ಟಿಗೆ ತೆರೆದು, ಎರಡು ಸೆನ್ಸರ್‌ಗಳೂ ಏಕಕಾಲಕ್ಕೆ ಉತ್ತರಿಸುತ್ತವೆ. ಯಾವುದೇ ಒಂದು ಸೊನ್ನೆ ಕೊಟ್ಟರೂ ಬಸ್‌ನಲ್ಲಿ ಸೊನ್ನೆಯೇ ಗೆಲ್ಲುವುದರಿಂದ ಬರುವ ಅಂಕಿ ಎರಡರ ಕಲಬೆರಕೆ. ದೋಷದ ಸೂಚನೆ ಇರುವುದಿಲ್ಲ, ಅಂಕಿ ನಂಬುವಂತೆಯೂ ಇರಬಹುದು. 2 ಮತ್ತು 3ನೇ ಚಾನೆಲ್‌ಗಳ ಸೆನ್ಸರ್‌ಗಳನ್ನು ಯಾರೂ ಓದಿಯೇ ಇರುವುದಿಲ್ಲ! ಪರೀಕ್ಷಿಸಲು ಒಂದೊಂದೇ ಸೆನ್ಸರ್ ಮೇಲೆ ಬಿಸಿಯುಸಿರು ಬಿಡಿ. ಅದೇ ಚಾನೆಲ್‌ನ ಆರ್ದ್ರತೆ ಏರಬೇಕು.

ಬೈಟ್ ಬರೆದ ಮೇಲೆ ಸ್ಟಾಪ್ (ಸಂವಹನ ಮುಗಿಯಿತೆಂಬ) ಸಂಕೇತ ಕಡ್ಡಾಯ, ಚಾನೆಲ್ ತೆರೆಯುವುದು ಅದಾದ ನಂತರವೇ. ಓದು ಮುಗಿದೊಡನೆ 0 ಬರೆದು ಮುಚ್ಚುವುದನ್ನು ನಾನು ನಿಯಮವೆಂದೇ ಹೇಳುತ್ತೇನೆ. ಎಂಟೂ ಚಾನೆಲ್‌ಗಳನ್ನು ತೆರೆದಿಟ್ಟರೆ ಮುಖ್ಯ ಬಸ್‌ನ 4.7 ಕಿಲೋಓಮ್ ಸಹಿತ ಪುಲ್‌ಅಪ್‌ಗಳೆಲ್ಲ ಸಮಾಂತರವಾಗಿ ಸೇರಿ ಸುಮಾರು 520 ಓಮ್‌ಗೆ ಇಳಿಯುತ್ತವೆ. ಆದರೆ 3.3 ವೋಲ್ಟ್‌ನಲ್ಲಿ, ತಂತಿಯನ್ನು ಸೊನ್ನೆಗೆಳೆಯುವ ಚಿಪ್‌ನ 3 ಮಿಲಿಆಂಪಿಯರ್ ಮಿತಿಗೆ, ಸುಮಾರು 970 ಓಮ್‌ಗಿಂತ ಕಡಿಮೆ ಸಲ್ಲದು.

ರೀಸೆಟ್ ಪಿನ್ ಅನ್ನು ನೇರ 3.3 ವೋಲ್ಟ್‌ಗೆ ಕಟ್ಟಿಬಿಡಬೇಡಿ, ಪುಲ್‌ಅಪ್ ಹಾಕಿ ಮೈಕ್ರೋಕಂಟ್ರೋಲರ್‌ನ ಪಿನ್‌ಗೆ ಕೊಡಿ. ತೆರೆದ ಚಾನೆಲ್‌ನ ಸೆನ್ಸರ್ ಎಸ್‌ಡಿಎ ತಂತಿಯನ್ನು ಸೊನ್ನೆಯಲ್ಲೇ ಹಿಡಿದು ಕೂತರೆ ಮುಚ್ಚುವ ಬೈಟ್ ಬರೆಯಲೂ ಆಗುವುದಿಲ್ಲ. ಆಗ ರೀಸೆಟ್ ಅನ್ನು ಕ್ಷಣಕಾಲ ಸೊನ್ನೆಗಿಳಿಸಿದರೆ ಎಲ್ಲ ಚಾನೆಲ್‌ಗಳೂ ಮುಚ್ಚಿ, ಉಳಿದ ಮೂರು ಸೆನ್ಸರ್‌ಗಳ ಓದು ಮುಂದುವರಿಯುತ್ತದೆ.